ಪ್ರಮೀಳಾ ಜೀಪಿನ ಬಿಳಿ ಅಕ್ಷರ

ತಿಗನಾರೆಯ ಪ್ರಮೀಳಾ ಹಠಮಾರಿ ಎಂದು ಊರು ಹೇಳುತ್ತದೆ. ಊರಿಗೇನು, ಗಂಡಸು ಪಟ್ಟು ಹಿಡಿದರೆ ಛಲಗಾರ, ಹೆಂಗಸು ಹಿಡಿದರೆ ಹಠಮಾರಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಎಂಟು ವರ್ಷ ದುಡಿದು, ಹಳೇ ಜೀಪೊಂದನ್ನು ಕೊಂಡು, ತಾನೇ ಓಡಿಸಿಕೊಂಡು ದಿಂಬಂ ಘಟ್ಟ ಹತ್ತಿ ಬಂದವಳು ಅವಳು. ಅಂದಿನಿಂದ ಕೇರಿಯ ಹನ್ನೆರಡು ಹೆಂಗಸರನ್ನು ಬೆಳಿಗ್ಗೆ ಕೂಲಿಗೆ ಕರೆದೊಯ್ಯುವುದು, ಅವರ ಜೊತೆ ತಾನೂ ಹೊಲಕ್ಕಿಳಿಯುವುದು, ಸಂಜೆ ಎಲ್ಲರನ್ನೂ ಮನೆ ಮುಟ್ಟಿಸುವುದು ಅವಳ ಬದುಕು.

ಆ ಜೀಪಿನ ಟೈರುಗಳ ಮೇಲೆ ಕಂಪನಿಯ ಹೆಸರು ದಪ್ಪ ಅಕ್ಷರಗಳಲ್ಲಿ ಉಬ್ಬಿಕೊಂಡಿತ್ತು. ಹೊಸದರಲ್ಲಿ ಬೆಳ್ಳಗಿದ್ದದ್ದು ಈಗ ಹೊಗೆಸೊಪ್ಪು ಜಗಿದ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ದಿನಾ ಅದನ್ನು ನೋಡಿ ಪ್ರಮೀಳಾಗೆ ರೇಗಿಹೋಯಿತು. ಅವಳ ಅಪ್ಪ ಚಿಕ್ಕಸಿದ್ದ ಮೂವತ್ತು ಸಂಕ್ರಾಂತಿ ಹೊಲದೊಡೆಯ ಜಡೆಸ್ವಾಮಿಯ ಎತ್ತುಗಳ ಕೊಂಬಿಗೆ ಬಣ್ಣ ಬಳಿದವನು. ಮಿಕ್ಕ ಬಿಳಿ ಬಣ್ಣ ಮನೆಯಲ್ಲೇ ಇತ್ತು, ಅದನ್ನೇ ಬಳಿದಳು. ಕೊಂಬು ಗಟ್ಟಿ, ಟೈರು ಬಾಗುತ್ತದೆ ಎನ್ನುವುದು ಅಪ್ಪ ಮಗಳಿಬ್ಬರಿಗೂ ಹೊಳೆಯಲಿಲ್ಲ. ಒಂದು ಸಲ ಘಟ್ಟ ಇಳಿದು ಹತ್ತುವಷ್ಟರಲ್ಲಿ ಬಣ್ಣ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಉದುರಿತು. ದಿಂಬಂ ಟೀ ಅಂಗಡಿಯವರು ನಕ್ಕಿದ್ದೇ ನಕ್ಕಿದ್ದು. ತಾಳವಾಡಿಯ ಟೈರ್ ಅಂಗಡಿಯ ಗುರುಮೂರ್ತಿ ಮಾತ್ರ ನಗದೆ, ಎಮರಿ ಪೇಪರಿನಲ್ಲಿ ಅಕ್ಷರ ಉಜ್ಜಿ, ತಿನ್ನರ್‌ನಲ್ಲಿ ಒರೆಸಿ, ಟೈರಿಗೆಂದೇ ಬರುವ ಬಣ್ಣವನ್ನು ತೆಳ್ಳಗೆ ಹಚ್ಚುವುದನ್ನು ತೋರಿಸಿಕೊಟ್ಟ. ಒಂದು ಭಾನುವಾರ ಪೂರ್ತಿ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಚಕ್ರ ಮುಗಿಸಿದಳು. ಸೊಂಟ ಬಿದ್ದುಹೋಗಿತ್ತು, ಆದರೆ ಎದ್ದು ನಿಂತು ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಆ ಸುತ್ತಿನಲ್ಲಿ ಅದುವರೆಗೆ ಬಿಳಿ ಅಕ್ಷರದ ಟೈರಿದ್ದದ್ದು ಜಡೆಸ್ವಾಮಿಯ ಜೀಪಿಗೊಂದೇ. ಹತ್ತು ಎಕರೆಯಲ್ಲಿ ಚೆಂಡುಹೂವು ಬೆಳೆಯುವ ದೊಡ್ಡ ಕುಳ. ಅವನ ಜೀಪು ಕಂಡರೆ ಕೇರಿಯ ಮುದುಕರು ಜಗಲಿ ಬಿಟ್ಟೆದ್ದು ನಿಲ್ಲುತ್ತಿದ್ದರು. ಈಗ ಬಿಳಿ ಅಕ್ಷರ ನೋಡಿ ಎದ್ದರೆ ಒಳಗಿರುವುದು ಪ್ರಮೀಳಾ. ಎರಡು ಸಲ ಹೀಗೆ ಬೇಸ್ತುಬಿದ್ದವರು, ಮೂರನೇ ಸಲ ನಿಜವಾದ ಜಡೆಸ್ವಾಮಿಯೇ ಬಂದಾಗ ಕೂತಲ್ಲೇ ಕೂತಿದ್ದರು. ಅವನಿಗೆ ಮೈಯೆಲ್ಲ ಉರಿಯಿತು.

ಮಾರನೆಯ ಬೆಳಿಗ್ಗೆ ಪ್ರಮೀಳಾ ಹೂ ಬಿಡಿಸಲು ಹೆಂಗಸರನ್ನು ಅವನ ಹೊಲಕ್ಕೆ ಕರೆತಂದರೆ ಆನೆ ತಡೆಯುವ ಬೇಲಿಯ ಗೇಟಿಗೆ ಬೀಗ. ಒಳಗಡೆ ಜಡೆಸ್ವಾಮಿ, ಕೈಯಲ್ಲಿ ಕಪ್ಪು ಬಣ್ಣದ ಡಬ್ಬಿ.

“ಕೂಲಿ ಗಾಡಿಗ ಯಾಕಮ್ಮಿ ಈ ಶೋಕಿ? ಕರಿ ಬಳುದ್ಬುಟ್ಟು ಒಳಕ ಬಾ,” ಎಂದು ಡಬ್ಬಿಯನ್ನು ಕಂಬಿಯ ಸಂದಿಯಿಂದ ಚಾಚಿದ.

ಚಿಕ್ಕಸಿದ್ದ ಕೈಕಟ್ಟಿ ನಿಂತು ಅವನನ್ನು ಬುದ್ದಿ ಎನ್ನುತ್ತಿದ್ದ. ಪ್ರಮೀಳಾ ಅಣ್ಣ ಎನ್ನುತ್ತಾಳೆ. ಅದೂ ಅವನಿಗೆ ಸೇರದು.

“ನಿಮ್ ಜೀಪ್ಗ ನಾನೇನಾರ ಕರಿ ಬಳಿಯಕ್ಕ ಬಂದಿದ್ನಾ, ಜಡೆಸ್ವಾಮಣ್ಣ? ಇದು ನನ್ ಗಾಡಿ.”

“ಬಳೀದೇ ಇದ್ರ ಇವತ್ತು ಕೂಲಿ ಇಲ್ಲ. ನಿನ್ ಜೊತ ಬಂದೋರ್ಗೂ ಇಲ್ಲ.”

ಈ ಮಾತು ಚುಚ್ಚಿತು. ತನ್ನ ಕೂಲಿ ಹೋದರೆ ಹೋಗಲಿ, ಹನ್ನೆರಡು ಮನೆಯ ಒಲೆಯ ಮೇಲೆ ಹಠ ಮಾಡಲು ತಾನ್ಯಾರು? ತಿರುಗಿ ಹೆಂಗಸರ ಕಡೆ ನೋಡಿದಳು. ಎಲ್ಲರಿಗಿಂತ ಹಿರಿಯಳಾದ ಪುಟ್ಟನಂಜಮ್ಮ ಎಲೆಯಡಿಕೆ ಉಗಿದು ಬಾಯೊರೆಸಿಕೊಂಡಳು.

“ನಮ್ ಮೊಕ ಯಾಕ ನೋಡೀಯೆ? ನಾವು ಅತ್ತಿರೋದು ಬಿಳಿ ಅಕ್ಸರದ ಗಾಡಿಯ. ಕರಿ ಮಾಡುದ್ರ ಈಗ್ಲೇ ಇಳುದು ನಡ್ಕಂಡೋಯ್ತೀವಿ, ಅಷ್ಟೆ ಕಣ.”

ಪ್ರಮೀಳಾಗೆ ಅಷ್ಟು ಸಾಕಿತ್ತು. ಕಪ್ಪು ಡಬ್ಬಿಯನ್ನು ಮುಟ್ಟಲಿಲ್ಲ. ಸೀಟಿನಡಿಯಿಂದ ತನ್ನ ಬಿಳಿ ಡಬ್ಬಿ, ಬ್ರಷ್ಷು, ಬಟ್ಟೆ ತೆಗೆದು ಮುಂದಿನ ಚಕ್ರದ ಪಕ್ಕ ಕೂತಳು. ದೂಳು ಒರೆಸಿ, ಮೊದಲ ಅಕ್ಷರಕ್ಕೆ ಬ್ರಷ್ಷು ಇಟ್ಟಳು.

“ಏನ್ ಮಾಡೀಯೆ?” ಜಡೆಸ್ವಾಮಿಯ ದನಿ ಏರಿತು.

“ಕಲ್ ತಾಗಿ ಬಣ್ಣ ಎದ್ದದ. ಇನ್ನೊಂದ್ಸಲ ಬಳೀತಾವ್ನಿ. ಕೂಲಿ ಇಲ್ಲ ಅಂದ್ರಲ್ಲ, ಪುರಸೊತ್ತದ.”

ಅವನು ಫೋನು ತೆಗೆದ. ಜೀರಹಳ್ಳಿಗೆ ಮಾಡಿದ, ಅಲ್ಲಿನ ಆಳುಗಳು ಕೋಸಿನ ಹೊಲಕ್ಕೆ ಹೋಗಿಯಾಗಿತ್ತು. ಮತ್ತೆರಡು ಕಡೆ ಮಾಡಿದ, ಯಾರೂ ಸಿಗಲಿಲ್ಲ. ಬಿಸಿಲು ಏರುತ್ತಿತ್ತು. ಬಿಡಿಸದ ಹೂವು ಸಾಲು ಸಾಲಾಗಿ ನಿಂತಿತ್ತು, ಸತ್ಯಮಂಗಲಕ್ಕೆ ಹೂ ಒಯ್ಯುವ ವ್ಯಾನಿನವನು ಜೀಪಿನ ಹಿಂದಿನಿಂದ ಹಾರನ್ ಬಾರಿಸತೊಡಗಿದ. ಪ್ರಮೀಳಾ ಎರಡನೇ ಚಕ್ರ ಮುಗಿಸಿ ಮೂರನೆಯದಕ್ಕೆ ಸರಿದಳು. ಹೆಂಗಸರಲ್ಲಿ ಒಬ್ಬಳೂ ಇಳಿಯಲಿಲ್ಲ, ಒಬ್ಬಳೂ ಗೊಣಗಲಿಲ್ಲ.

ನಾಲ್ಕನೇ ಚಕ್ರದ ಹೊತ್ತಿಗೆ ಬೀಗ ತೆಗೆದ ಸದ್ದಾಯಿತು.

“ಬಿಳೀದೇ ಇರ್ಲಿ, ಬನ್ರಮ್ಮಿ,” ಎಂದ ಜಡೆಸ್ವಾಮಿ, ಯಾರ ಮುಖವನ್ನೂ ನೋಡದೆ. “ಗಾಡಿಯ ಒಳಕ ತಕಬಂದು ಶೆಡ್ಡಿನ ಇಂದುಕ್ಕ ನಿಲ್ಸು. ದಾರೀಲಿ ಬ್ಯಾಡ.”

ಹೆಂಗಸರು ಇಳಿದು ಒಳಗೆ ಹೋದರು. ಪ್ರಮೀಳಾ ಕೊನೆಯ ಅಕ್ಷರ ತೀಡಿ ಎದ್ದಳು. ವ್ಯಾನು ಹೋಗಲು ಜಾಗ ಬಿಟ್ಟು, ಜೀಪನ್ನು ನಾಲ್ಕು ಮಾರು ಸರಿಸಿ ರಸ್ತೆಯ ಅಂಚಿಗೆ, ಗೇಟಿನ ಪಕ್ಕಕ್ಕೇ ನಿಲ್ಲಿಸಿದಳು. ತಾಳವಾಡಿಗೆ ಹೋಗುವ ಬಸ್ಸು, ಬೈಕು, ಟ್ರಾಕ್ಟರು ಎಲ್ಲವೂ ಹಾಯುವ ರಸ್ತೆ ಅದು.

“ಬಣ್ಣ ಅಸಿ ಅದ ಕಣಣ್ಣ, ಒಳಗಿನ ಮಣ್ಣು ಅಂಟ್ಕತದ. ಸಂಜೆಗಂಟ ಇಲ್ಲೇ ಇರ್ತದ,” ಎಂದು ಜೀಪಿನ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅವನು ತೆರೆದು ಹಿಡಿದಿದ್ದ ಗೇಟು ದಾಟಿ ಹೂವಿನ ಸಾಲಿಗೆ ಇಳಿದಳು.