ಮಗ್ಗದ ಗುಂಡಿಯ ತೇವ

ಚಿಕ್ಕಮ್ಮನ ಮೈ ಎಣ್ಣೆಗಪ್ಪು. ಅಂಗಾಲು ಮಾತ್ರ ನೆನೆಸಿಟ್ಟ ಅಕ್ಕಿಯಂತೆ ಬೆಳ್ಳಗೆ, ಸುಕ್ಕುಸುಕ್ಕು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಹಗಲಿಡೀ ಮಗ್ಗ ತುಳಿದವರ ಪಾದ ಅದು. ಊರ ಕೆರೆ ತುಂಬಿದರೆ ಆ ಗುಂಡಿಯ ಮಣ್ಣು ತೇವವಾಗುತ್ತಿತ್ತು. ನಾವು ಯಾರೂ ಕೆರೆಯ ಕಡೆ ಹೋಗುವ ಮೊದಲೇ ಅವರು ಒಳಗಿನಿಂದ ಕೂಗುತ್ತಿದ್ದರು: "ಲೇ, ಕೆರೆ ಬಂತು! ಕಾಲು ಜಿಲ್ಲಂತದೆ!"

ಎಷ್ಟೋ ಸಲ ಅದು ಸುಳ್ಳಾಗುತ್ತಿತ್ತು. ಅವರ ಮಗಳು ಗುಂಡಿಯ ಬಳಿ ಕೊಡ ಉರುಳಿಸಿರುತ್ತಿದ್ದಳು. "ಇವತ್ತು ಬರ್ಲಿಲ್ಲಾಂದ್ರೆ ನಾಳಿಕ್ಕೆ ಬರ್ತದೆ. ನಾ ಒಂದಿನ ಮುಂದಾಗಿ ಹೇಳ್ದೆ, ಅಷ್ಟೇ" ಎಂದು ನಗುವರು.

ಅವರು ನನ್ನ ತಾಯಿಯ ತಂಗಿ. ಕೂತಲ್ಲಿ ಕೂರುವವರಲ್ಲ. ಮಗ್ಗದಿಂದೆದ್ದರೆ ಕೆರೆ ಏರಿ, ಏರಿಯಿಂದ ಸಂತೆ, ಸಂತೆಯಿಂದ ಯಾರದೋ ಮನೆಯ ಜಗಳ. ನಮ್ಮ ನೇಕಾರರ ಬೀದಿಯ ವಾರ್ಡು ಹೆಂಗಸರಿಗೆ ಮೀಸಲಾದಾಗ ಗಂಡಸರು ತಮಾಷೆಗೆಂದು ಅವರನ್ನು ನಿಲ್ಲಿಸಿದರು. ಅವರು ಗೆದ್ದು, ಆ ತಮಾಷೆಯನ್ನು ನಿಜ ಮಾಡಿಕೊಂಡು ಅಲೆಯತೊಡಗಿದರು.

ತಮಿಳು ಸೀಮೆಯಲ್ಲಿ, ಸೂಲೂರಿನಿಂದ ಆಚೆ, ನೊಯ್ಯಲ್ ನದಿಯಿಂದ ನೀರು ಪಡೆಯುವ ಕೆರೆಗಳಲ್ಲಿ ನಮ್ಮದೂ ಒಂದು. ಏರಿ ನಮ್ಮ ಪಂಚಾಯತಿಯದು, ನೀರು ನಿಲ್ಲುವ ಜಾಗ ಪಕ್ಕದ ಊರಿನದು, ತೂಬು ಇನ್ನೊಂದು ಇಲಾಖೆಯದು. ನೀರು ತರುವ ವಾಯ್ಕಾಲು ಮಾತ್ರ ಯಾರದೂ ಅಲ್ಲ. ತಿರುಪ್ಪೂರು ಬೇರೆ ಜಿಲ್ಲೆಯಾದಾಗ ಗಡಿ ಆ ಕಾಲುವೆಯ ಉದ್ದಕ್ಕೇ ಬಂದು ಬಿತ್ತು. ಈಚೆಯವರನ್ನು ಕೇಳಿದರೆ ಆಚೆಯವರದು ಎನ್ನುತ್ತಿದ್ದರು, ಆಚೆಯವರು ಈಚೆಗೆ ಕೈ ತೋರಿಸುತ್ತಿದ್ದರು. ಕಾಲುವೆ ಹೂತು ಸೀಮೆಜಾಲಿ ಬೆಳೆಯಿತು.

ಅದನ್ನು ತೋಡಿಸಲು ಚಿಕ್ಕಮ್ಮ ಎರಡೂ ಜಿಲ್ಲೆಯ ಆಫೀಸುಗಳನ್ನು ಸುತ್ತಿದರು. ಹೈಸ್ಕೂಲು ಮುಗಿಸಿದವನೆಂದು ತಮಿಳಿನಲ್ಲಿ ಅರ್ಜಿ ಬರೆಯಲು ನನ್ನನ್ನು ಎಳೆದೊಯ್ಯುತ್ತಿದ್ದರು. ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡಿರುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದರಲ್ಲಿ ಪಾಲು. ಒಬ್ಬ ಅಧಿಕಾರಿ "ಉಕ್ಕಾರುಂಗಮ್ಮಾ" ಎಂದು ಕುರ್ಚಿ ತೋರಿಸಿದರೆ, "ನಾ ಕೂತ್ರೆ ನೀವು ಮರ್ತ್‌ಬಿಡ್ತೀರಿ ಸಾಮಿ, ನಿಂತೇ ಇರ್ತೀನಿ" ಎಂದು ತಮಿಳಿನಲ್ಲೇ ಹೇಳಿ ನಿಂತರು. ಆತನೂ ಎದ್ದು ನಿಲ್ಲಬೇಕಾಯಿತು.

ಕೊನೆಗೆ ಎರಡೂ ಕಡೆಯವರು ಒಟ್ಟಿಗೆ ಬಂದು ಜಾಗ ನೋಡುವುದೆಂದಾಯಿತು. ಆ ದಿನ ಚಿಕ್ಕಮ್ಮನ ಮೊಣಕಾಲು ಊದಿಕೊಂಡಿತ್ತು. "ನೀ ಹೋಗಿ ತೋರ್ಸು ಕಣ್ಣು. ವಾಯ್ಕಾಲು ಎಲ್ಲಿತ್ತಂತ ನಿನಗಿಂತ ಯಾರಿಗ್ ಗೊತ್ತು? ಚಿಕ್ಕವ್ನಿದ್ದಾಗ ಅದ್ರೊಳಗೇ ಬಿದ್ದು ಹಲ್ಲು ಮುರ್ಕೊಂಡವ್ನಲ್ವಾ?" ಎಂದರು. ಪ್ರೀತಿ ಬಂದಾಗ ಅವರಿಗೆ ಎಲ್ಲರೂ 'ಕಣ್ಣು'.

ನನಗೆ ಗೊತ್ತಿತ್ತು. ನನ್ನ ಪವರ್‌ಲೂಮ್ ಶೆಡ್ಡಿನ ಹಿಂಗೋಡೆ ನಿಂತಿದ್ದದ್ದೇ ಆ ಕಾಲುವೆಯೊಳಗೆ. ಯಾರದೂ ಅಲ್ಲದ ಜಾಗವೆಂದು ಕಟ್ಟಿಸಿದ್ದೆ, ಯಾರೂ ಕೇಳಿರಲಿಲ್ಲ. ಬಂದವರನ್ನು ನಾನು ನಮ್ಮ ಬೀದಿಯ ಹಿಂದಿನ ಚರಂಡಿಯ ಬಳಿಗೆ ಕರೆದೊಯ್ದು, "ಇದೇ ವಾಯ್ಕಾಲು" ಎಂದೆ. ಯಂತ್ರ ಬಂದು ಅದನ್ನೇ ಅಗಲವಾಗಿ ತೋಡಿ, ನದಿಯ ಕಡೆಯ ಹಳೆಯ ಕಾಲುವೆಗೆ ಸೇರಿಸಿತು. ಈ ತುದಿಯಲ್ಲಿ ಅದು ಕೆರೆಯನ್ನು ಮುಟ್ಟುತ್ತಿರಲಿಲ್ಲ. ಬೀದಿಯ ಹಿಂದೆ ಒಂದು ಸಣ್ಣ ಮೋರಿಯಲ್ಲಿ ನಿಂತುಬಿಡುತ್ತಿತ್ತು. ಮುಂದಿನದನ್ನು ಆಮೇಲೆ ನೋಡೋಣವೆಂದು ಅವರು ಹೋದರು.

ಐಪ್ಪಸಿ ತಿಂಗಳ ಮಳೆ ಬಂತು. ಬೀದಿಯ ಮನೆಗಳಿಗೆ ನೀರು ಬಾಗಿಲಿನಿಂದ ನುಗ್ಗಲಿಲ್ಲ. ಮೋರಿಯಲ್ಲಿ ಕಟ್ಟಿಕೊಂಡು, ನೆಲದೊಳಗೆ ಇಳಿದು, ಮನೆಮನೆಯೊಳಗೂ ಮಗ್ಗದ ಗುಂಡಿಯಿಂದ ಮೇಲೆದ್ದಿತು. ಮಗ್ಗಕ್ಕೆ ಹೂಡಿದ ಹಾಸುನೂಲಿನ ಬಣ್ಣ ಬಿಟ್ಟು ಗುಂಡಿಗಳಲ್ಲಿ ಕೆಂಪು, ಹಸಿರು ನೀರು ನಿಂತಿತು. ಅರ್ಧ ನೇಯ್ದ ಸೀರೆಗಳು ಹಾಳಾದವು. ಜನ ಚಿಕ್ಕಮ್ಮನ ಬಾಗಿಲಿಗೆ ಬಂದರು.

"ಏನ್ ಮೆಂಬರಮ್ಮಾ, ಕಾಲು ಜಿಲ್ಲಂತದಾ?" ಎಂದನೊಬ್ಬ. ಎಲ್ಲರೂ ನಕ್ಕರು. ಆ ನಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ತೋರ್ಸಿದವ್ನು ನಿಮ್ಮ ಅಕ್ಕನ ಮಗನೇ ತಾನೇ?" ಎಂದ ಇನ್ನೊಬ್ಬ.

"ಅವ್ನು ಸರಿಯಾಗೇ ತೋರ್ಸಿರ್ತಾನೆ. ಅವನ ತಂಟೆಗೆ ಹೋಗ್ಬೇಡಿ. ಆಪೀಸಿನವರ್ನ ಕರ್ಕೊಂಬಂದವಳು ನಾನು. ಬೈಯೋದಿದ್ರೆ ನನ್ನ ಬೈಯಿರಿ."

ಆಗ ನಾನು ಅವರ ಬೆನ್ನ ಹಿಂದೆಯೇ, ಅವರದೇ ಗುಂಡಿಯಿಂದ ಬಕೆಟ್ಟಿನಲ್ಲಿ ನೀರು ಮೊಗೆಯುತ್ತಿದ್ದೆ. ಮೊಗೆಯುತ್ತಲೇ ಇದ್ದೆ.

ಮುಂದಿನ ಸಲ ಅವರಿಗೆ ಯಾರೂ ಓಟು ಹಾಕಲಿಲ್ಲ. 'ಮೆಂಬರಮ್ಮ ತಂದ ನೀರು' ಎಂಬ ಮಾತು ಮಾತ್ರ ಬೀದಿಯಲ್ಲಿ ಉಳಿಯಿತು. ಆ ಮಳೆ ನೋಡದ ಮಕ್ಕಳೂ ಅದನ್ನು ಆಡುತ್ತಾರೆ. ಗುಂಡಿಗೆ ಮಣ್ಣು ತುಂಬಿಸಿ ಅವರು ಜಗಲಿಯಲ್ಲಿ ಕೂತರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಆಗಲೇ. ನಾನು ಹೋದರೆ, "ಬಾ ಕಣ್ಣು, ಕಾಪಿ ಕುಡೀತಿಯಾ?" ಎನ್ನುವರು. ಕುಡಿದು, ಹೇಳಬೇಕೆಂದುಕೊಂಡದ್ದನ್ನು ಹೇಳದೆ ಏಳುತ್ತಿದ್ದೆ. ತೀರಿಕೊಂಡ ದಿನ ಕಾಲಿಗೆ ಅರಿಸಿನ ಹಚ್ಚುವಾಗ ನೋಡಿದೆ: ಅಂಗಾಲು ಒಣಗಿ, ಬಿರಿದು, ಮೈಯ ಬಣ್ಣಕ್ಕೇ ತಿರುಗಿತ್ತು.

ಅಂದಿನಿಂದ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಏರಿಗೆ ಹೋಗುತ್ತೇನೆ, ಶೆಡ್ಡಿಗೆ ಬರುತ್ತೇನೆ, ಮತ್ತೆ ಏರಿಗೆ. ಬರೆದರೆ ಹಗುರಾದೀತೆಂದು ಇದನ್ನು ಕನ್ನಡದಲ್ಲಿ ಬರೆದೆ. ಬರೆದು ಮುಗಿಯುವ ಹೊತ್ತಿಗೆ ಇನ್ನೊಂದು ಹೊಳೆಯಿತು. ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಶಾಲೆ ತಮಿಳಿನದಾದ್ದರಿಂದ ಅದನ್ನು ಓದಬಲ್ಲವರು ನನ್ನ ಹೊರತು ಒಬ್ಬರೂ ಇಲ್ಲ. ನನಗೆ ಕನ್ನಡದ ಅಕ್ಷರ ಕಲಿಸಿದ್ದು ಅಪ್ಪ. ಅವರಾರೂ ಓದಲಾರದ ಅಕ್ಷರದೊಳಗೆ ನಾನು ಮತ್ತೆ ಅಡಗಿಕೊಂಡಿದ್ದೆ.

ಹಾಳೆ ಹಿಡಿದು ಚಿಕ್ಕಮ್ಮನ ಮಗಳ ಮನೆಗೆ ಹೋಗಿ ಗಟ್ಟಿಯಾಗಿ ಓದಿದೆ. ಅವಳು ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು: "ಶೆಡ್ಡು?"

"ಗೋಡೆ ಒಡೆಸ್ತೀನಮ್ಮ."

"ಅದು ನಿನ್ನಿಷ್ಟ. ಇದ ನನಗ್ಯಾಕೆ ಓದ್ತಿ ಅಣ್ಣಾ? ನಾ ಅವ್ವನ್ನ ಬೈದಿಲ್ವಲ್ಲ. ಬೈದವ್ರು ಬೀದೀಲವ್ರೆ. ಅಲ್ಲಿ ಓದು."

ಅವಳೇ ಹೋಗಿ ಮನೆಮನೆಯ ಬಾಗಿಲು ತಟ್ಟಿದಳು. ಜನ ಒಬ್ಬೊಬ್ಬರಾಗಿ ಬೀದಿಯ ಅಮ್ಮನವರ ಗುಡಿಯ ಮುಂದೆ ಬರತೊಡಗಿದರು. ಯಾರೋ ವಯಸ್ಸಾದವನೆಂದು ಕುರ್ಚಿ ತಂದು ಹಾಕಿದರು.

ನಾನು ನಿಂತೇ ಓದಿದೆ.