ಟೀ ಹೊತ್ತಿನಲ್ಲಿ ಮಿಣುಕಿದ ದೀಪ

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯ ಒಂದು ಆಫೀಸಿನಲ್ಲಿ ನಾಲ್ಕು ಕಂಪ್ಯೂಟರುಗಳನ್ನು ಕೇಬಲ್ ಎಳೆದು ಒಂದಕ್ಕೊಂದು ಜೋಡಿಸಿದ್ದರು. ನಾಲ್ಕೂ ತೆವಳುತ್ತಿವೆ ಎಂದು ರಿಪೇರಿಗೆ ನನ್ನನ್ನು ಕರೆಸಿದರು. ನನ್ನ ವೈರಸ್ ಹುಡುಕುವ ಫ್ಲಾಪಿ ಏನೂ ಇಲ್ಲವೆಂದಿತು. ಆದರೆ ಎಲ್ಲರೂ ಟೀಗೆ ಎದ್ದು ಹೋದ ಮೇಲೂ, ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿಯಲ್ಲಿ, ಮಾಹಿತಿ ಓಡಾಡುವಾಗಷ್ಟೇ ಮಿಣುಕಬೇಕಾದ ದೀಪಗಳು ಮಿಣುಕುತ್ತಲೇ ಇದ್ದವು. ಕೆಲಸ ಮಾಡುವವರೇ ಇಲ್ಲದಾಗ ಇವು ಯಾರಿಗಾಗಿ ದುಡಿಯುತ್ತಿವೆ? ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಹೆಡ್ ಕ್ಲರ್ಕ್ ಮಾದಪ್ಪನವರ ಕಂಪ್ಯೂಟರಿನದನ್ನು ಕಿತ್ತಾಗ ದೀಪಗಳು ಸುಮ್ಮನಾದವು. ಅದರಲ್ಲಿ ಆಫೀಸಿಗೆ ಸಂಬಂಧವಿಲ್ಲದ ಒಂದು ಪ್ರೋಗ್ರಾಮಿತ್ತು.

“ಜಾತ್ಕ ನೋಡೋದು ಸಾ,” ಎಂದರು ಮಾದಪ್ಪನವರು, ಟೀ ಲೋಟ ಹಿಡಿದುಕೊಂಡೇ ಬಂದು. “ಬಾಮೈದ ಫ್ಲಾಪೀಲಿ ತಂದ್ಕೊಟ್ಟ. ಊರೋರೆಲ್ಲ ಬಂದು ತೋರಿಸ್ಕಂಡು ಓಯ್ತಾರೆ.”

“ವೈರಸ್ ಬಂದದ್ದು ಇದರಲ್ಲೇ. ಅಳಿಸಲೇಬೇಕು.”

“ಅಳಿಸ್ಬುಡಿ.” ಲೋಟ ಮೇಜಿನ ಮೇಲಿಟ್ಟು ಕೇಳಿದರು, “ಅಂದ್ರೆ, ಇದು ಯೇಳಿದ್ದೂ ಸುಳ್ಳಾ ಸಾ?”

“ವೈರಸ್ಸಿನಿಂದ ಲೆಕ್ಕ ಕೆಟ್ಟಿರಬಹುದು, ಕೆಡದೆಯೂ ಇರಬಹುದು. ಈಗ ಗೊತ್ತಾಗಲ್ಲ. ಯಾಕೆ?”

“ಮಗಳ್ಗೆ ಹರದನಹಳ್ಳಿಯಿಂದ ಒಳ್ಳೆ ಗಂಡು ಬಂದಿತ್ತು. ಅವ್ಳೂ ಒಪ್ಪಿದ್ಲು. ಇದು ಜಾತ್ಕ ಕೂಡಾಕಿಲ್ಲ ಅಂತು, ನಾನು ಬ್ಯಾಡ ಅಂತ ಯೇಳಿ ಕಳಿಸ್ಬುಟ್ಟೆ. ಓದ್ ವಾರ ಆ ಗಂಡಿಗೆ ಬೇರೆ ಕಡೆ ಮದ್ವೆ ಆಯ್ತು.”

ಪ್ರೋಗ್ರಾಮು ಅಳಿಸಿದೆ. ದೊಡ್ಡ ಕಳ್ಳನನ್ನು ಹಿಡಿದೆನೆಂಬ ನನ್ನ ಹಿಗ್ಗೆಲ್ಲ ಅಲ್ಲೇ ಇಳಿದುಹೋಗಿತ್ತು.

ಅಷ್ಟರಲ್ಲಿ ಮ್ಯಾನೇಜರು ಬಂದು, “ಏನಾದ್ರೂ ನಷ್ಟ ಆಗಿದ್ಯೇನ್ರಿ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾದಪ್ಪನವರು, “ಆಫೀಸಿಂದು ಏನೂ ಇಲ್ಲ ಸಾ,” ಎಂದರು.