ಅತ್ತೆಯ ಬಾಯಲ್ಲಿದ್ದ ಪುತ್ಥಳಿ ಕಾಸು

ಅತ್ತೆ, ಆ ಇಬ್ಬರಿಗೆ ನಮ್ಮ ಮನೆ ಗೊತ್ತಾಗಿದ್ದು ನನ್ನಿಂದ.

ಶಿರಾಳಕೊಪ್ಪದ ಬಸ್ಸಿನಲ್ಲಿ ಮುಂದಿನ ಸೀಟಿನವನು ಮೊಬೈಲಿನಲ್ಲಿ ಹಳೆಯ ನಾಣ್ಯಗಳನ್ನು ನೋಡುತ್ತಿದ್ದ. ಇತಿಹಾಸ ಓದಿದವಳು ನಾನು — ಸುಮ್ಮನಿರಲಾಗಲಿಲ್ಲ. ನಿಮ್ಮ ಕೊರಳಿನ ಪುತ್ಥಳಿ ಕಾಸಿನ ಫೋಟೋ ತೋರಿಸಿದೆ. ವೆನಿಸ್ ಎಂಬ ನಗರದ ಚಿನ್ನದ ನಾಣ್ಯ, ಮೆಣಸು ಕೊಳ್ಳಲು ಹಡಗಿನಲ್ಲಿ ಬಂದಿದ್ದು ಎಂದೆ. ಯಾವ ಊರು ಎಂದ. ಹೊಸಬಾಳೆ ಎಂದೆ, ಮನೆಯ ಗುರುತನ್ನೂ ಹೇಳಿದೆ.

ನೀವಂತೂ ವೆನಿಸನ್ನು ಒಪ್ಪಿದವರೇ ಅಲ್ಲ. ನಿಮಗೆ ಅದರಲ್ಲಿ ನಿಂತವನು ಶಿವ, ಮಂಡಿಯೂರಿದವಳು ಪಾರ್ವತಿ. "ಮಂಡಿಯೂರಿದ್ದು ಅವರ ದೊರೆ ಅತ್ತೆ, ಟೋಪಿ ನೋಡಿ" ಅಂದರೆ, "ಚಳಿ ದೇಶಕ್ಕೆ ಹೋಗಿದ್ಲು, ಹಾಕ್ಕಂಡಾಳೆ ಬಿಡು" ಅಂದಿದ್ದಿರಿ.

ಊರಿನಲ್ಲಿ ಯಾರ ಮಗಳ ಮದುವೆಯಾದರೂ ಮುಹೂರ್ತಕ್ಕೆ ಆ ಕಾಸು ಅವಳ ಕೊರಳಲ್ಲಿ. ಅರಿಶಿನದ ದಾರದಲ್ಲಿ ನೀವೇ ಕಟ್ಟಿ ಬರುತ್ತಿದ್ದಿರಿ. ಸಂಜೆಗೆ ಅದು ತಾನಾಗಿಯೇ ಮನೆಗೆ ಬರುತ್ತಿತ್ತು.

ಆ ಮಧ್ಯಾಹ್ನ ಗಂಡಸರೆಲ್ಲ ಗದ್ದೆಯಲ್ಲಿದ್ದರು. ನೀರು ಕೇಳಿ ಒಳಗೆ ಬಂದವನು ಬಸ್ಸಿನಲ್ಲಿ ಕಂಡವನೇ, ಜೊತೆಗೆ ಇನ್ನೊಬ್ಬ. ಚಾಕು ಕಂಡ ಕೂಡಲೇ ನಾನು ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡೆ. ಹಿತ್ತಲ ಬಾಗಿಲು ತೆರೆದೇ ಇತ್ತು, ಓಡಿ ಕೂಗಬಹುದಿತ್ತು — ಓಡಲಿಲ್ಲ. ನೀವು ದಾರ ಕಿತ್ತು, ಕೊಡುವವರಂತೆ ಕೈ ಚಾಚಿ, ಕಾಸನ್ನು ಬಾಯಿಗೆ ಹಾಕಿಕೊಂಡಿರಿ. ಅವನು ಕೂದಲು ಹಿಡಿದೆಳೆದ, ಕೆನ್ನೆಗೆ ಬಾರಿಸಿದ. ನಿಮ್ಮ ಹಲ್ಲು ಬಿಚ್ಚಲಿಲ್ಲ. ಆ ಏಟಿನ ಸದ್ದು ಈಗಲೂ, ತರಕಾರಿ ಹೆಚ್ಚುವಾಗ, ಚಾಕು ಹಿಡಿದ ನನ್ನದೇ ಕೈ ನೋಡುವಾಗ —

ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಅವರು ಓಡಿದರು. ನೀವು ರಕ್ತದೊಂದಿಗೆ ಕಾಸನ್ನು ಅಂಗೈಗೆ ಉಗಿದು ಸೆರಗಿನಲ್ಲಿ ಒರೆಸಿದಿರಿ.

"ಶುಕ್ರವಾರ ಗಿರಿಜಾನ ಮಗಳು ಹಾಕ್ಕಬೇಕಲ್ಲೇ. ಇವ್ನಿಗೆ ಹೆಂಗೆ ಕೊಡ್ಲಿ?"

ಕಳ್ಳರಿಗೆ ಹೇಗೆ ಗೊತ್ತಾಯಿತು ಎಂಬ ಮಾತು ಬಂದಾಗ ನಿಮ್ಮ ಮಗ, "ಊರೋರಿಗೆಲ್ಲ ಕಟ್ಟಿ ತೋರಿಸಿದ್ರೆ ಇನ್ನೇನಾಗುತ್ತೆ ಅವ್ವ?" ಎಂದರು. ನಾನು ತಲೆ ತಗ್ಗಿಸಿ ಅನ್ನ ಬಡಿಸಿದೆ. ನೀವು ಊದಿದ ಕೆನ್ನೆ ಹಿಡಿದು "ಹೌದೇನೋಪ್ಪ" ಎಂದಿರಿ. ಗಿರಿಜಮ್ಮನ ಮಗಳದೇ ಕೊನೆ. ಕಾಸು ಶಿಕಾರಿಪುರದ ಬ್ಯಾಂಕ್ ಲಾಕರ್ ಸೇರಿತು. ಆಮೇಲೆ ಯಾವ ಮದುವೆಗೆ ಹೋದರೂ ಹುಡುಗಿಯ ಬರಿಗೊರಳು ನೋಡಿ, ತಪ್ಪು ನಿಮ್ಮದೇ ಎಂಬಂತೆ ಹಿಂದಿನ ಸಾಲಿನಲ್ಲಿ ಕೂರುತ್ತೀರಿ.

ಎದುರುಮನೆಯ ಹುಡುಗಿಗೆ ಮದುವೆ ಗೊತ್ತಾಗಿದೆ. ಇವತ್ತು ಎಲ್ಲರೂ ಊಟಕ್ಕೆ ಕೂತಾಗ, ನಿಮ್ಮ ಮಗನ ಎದುರೇ, ಬಸ್ಸಿನ ಮಾತು ಹೇಳುತ್ತೇನೆ. ಆಮೇಲೆ ನೀವು ನನ್ನನ್ನು ಏನೆಂದರೂ ಸರಿ — ಆ ಕಾಸನ್ನು ನೀವೇ ಹೋಗಿ ಅವಳ ಕೊರಳಿಗೆ ಕಟ್ಟಬೇಕು.